ನಡುರಾತ್ರಿಯ ರುಜು

ಟೋಪಿ ಬದಲಾಯಿತು, ಕಾಯಿದೆಯ ಅಂಕಿಗಳು ಬದಲಾದುವು, ಸಾಹೇಬರು ಬಂದರು, ಹೋದರು. ಸಣ್ಣ ಊರಿನ ಗಸ್ತಿನವನು ಮಾತ್ರ ಅದೇ ಬೀದಿಯಲ್ಲಿ ಅದೇ ಬೀಗಗಳನ್ನು ಜಗ್ಗಿ ನೋಡುತ್ತಿದ್ದಾನೆ. ಅವನಿಗೆ ಗೊತ್ತಿರುವುದೆಷ್ಟು? ಅದರಲ್ಲಿ ಅವನು ಬರೆಯುವುದೆಷ್ಟು?

ರಾತ್ರಿ ಒಂದೂಮುಕ್ಕಾಲು ಗಂಟೆ. ಕಾರ್ತಿಕಮಾಸದ ಇಬ್ಬನಿಯು ಸಂತೆಮಾಳದ ತಗಡಿನ ಮಾಡುಗಳಿಂದ ಹನಿಹನಿಯಾಗಿ ತೊಟ್ಟಿಕ್ಕುತ್ತಿರಲು, ಬಸ್ಸು ನಿಲ್ಲುವ ಕಟ್ಟೆಯ ಒಂಟಿ ದೀಪದ ಕೆಳಗೆ ಮೂರು ನಾಯಿಗಳು ಮೈಗೆ ಮೈ ಒತ್ತಿ ಮಲಗಿರಲು, ಸಹಕಾರ ಸಂಘದ ಕಬ್ಬಿಣದ ಬಾಗಿಲಿನ ಮುಂದೆ ಬೈಕು ನಿಲ್ಲಿಸಿದ ದಫೇದಾರರು ಬೀಗವನ್ನೊಮ್ಮೆ ಜಗ್ಗಿ ನೋಡಿ, ಮೊಳೆಗೆ ತೂಗುಹಾಕಿದ್ದ ಪುಟ್ಟ ಪುಸ್ತಕವನ್ನು ಕೈಗೆತ್ತಿಕೊಂಡು, ಟಾರ್ಚನ್ನು ಕಂಕುಳಲ್ಲಿ ಅವುಚಿ, ವೇಳೆ ಬರೆದು ರುಜು ಹಾಕಿದರು.

ತೇವದಿಂದ ಅಂಚು ಉಬ್ಬಿದ ಆ ಹಾಳೆಯಲ್ಲಿ ನಿನ್ನೆಯ ರುಜು, ಅದರ ಮೇಲೆ ಮೊನ್ನೆಯದು, ಅದರ ಮೇಲೆ ಆಚೆಮೊನ್ನೆಯದು. ಒಂದೆರಡು ಕಡೆ ಮೇಲಧಿಕಾರಿಯ ಹಸಿರು ಶಾಯಿಯ ಗೀಟು ಬಿಟ್ಟರೆ ಎಲ್ಲವೂ ಒಂದೇ ಕೈಯವು. ಅನಂತರ ಅವರು ಜೇಬಿನಿಂದ ಮೊಬೈಲು ತೆಗೆದು ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಕಪ್ಪುಬಿಳುಪಿನ ಚೌಕುಳಿ ಚೀಟಿಗೆ ಹಿಡಿದರು. ‘ಇಲಾಖೆಗೆ ಇದು ಸಾಕು ಸಾರ್. ಸಿಗ್ನಲ್ ಇದ್ದರೆ ಈಗಲೇ ಹೋಗುತ್ತೆ, ಇಲ್ಲದಿದ್ದರೆ ಗುಡ್ಡ ಹತ್ತಿದ ಮೇಲೆ. ಪುಸ್ತಕ ನನ್ನ ಸಮಾಧಾನಕ್ಕೆ.’

ಸಂಘದ ಹಿಂದಿನ ಓಣಿಯಲ್ಲಿ ಒಂದು ಮನೆಯಂಗಳ ಮಾತ್ರ ಬೆಳಗುತ್ತಿತ್ತು. ಅಡಿಕೆಯ ಕೊಯ್ಲು ಮೊದಲಾದ ದಿನಗಳು. ಸುಲಿಯುವ ಯಂತ್ರಗಳು ಬಂದಿದ್ದರೂ ಮೆಟ್ಟುಗತ್ತಿಯ ಮುಂದೆ ಕುಳಿತು ಸರಿರಾತ್ರಿಯವರೆಗೆ ಸುಲಿಯುವ ವಾಡಿಕೆ ಅಲ್ಲಲ್ಲಿ ಉಳಿದೇ ಇದೆ. ದಫೇದಾರರು ಒಳಗೆ ಹೋಗಲಿಲ್ಲ. ದಣಪೆಯ ಬಳಿ ನಿಂತು, ಜಗಲಿಯ ಮೆಟ್ಟಿಲ ಕೆಳಗೆ ಬಿಟ್ಟಿದ್ದ ಪಾದರಕ್ಷೆಗಳ ಮೇಲೆ ಬೆಳಕು ಆಡಿಸಿ ಎಣಿಸಿದರು: ಒಂಬತ್ತು ಜೊತೆ ರಬ್ಬರಿನ ಚಪ್ಪಲಿ, ಒಂದು ಜೊತೆ ಬಿಳಿಯ ಬೂಟು.

‘ಎಂತ ಹೆಗ್ಡೇರೆ, ಬೂಟಿನವರು ಯಾರು ಮಾರಾಯ್ರೆ?’

‘ತಂಗಿ ಮಗ. ಬೆಂಗಳೂರಲ್ಲಿ ಕೆಲಸ ಬಿಟ್ಟು ಬಂದಿದಾನೆ. ಬನ್ನಿ, ಚಾ ಕುಡಿದು ಹೋಗಿ.’

‘ಬೆಳಗಾದ ಮೇಲೆ ಬರ್ತೇನೆ.’

ಬೈಕಿನತ್ತ ಮರಳುವಾಗ, ‘ಬಿಟ್ಟು ಬಂದನೋ, ಬಿಡಿಸಿ ಕಳಿಸಿದರೋ’ ಎಂದು ಅವರು ತಮ್ಮಷ್ಟಕ್ಕೆ ಅಂದುಕೊಂಡುದು ನನ್ನ ಕಿವಿಗೆ ಬಿತ್ತು. ಪುಸ್ತಕದಲ್ಲಿ ಅದನ್ನು ಬರೆಯಲಿಲ್ಲ, ಮೊಬೈಲಿನಲ್ಲಿಯೂ ಒತ್ತಲಿಲ್ಲ.

ನನ್ನನ್ನು ಈ ರಾತ್ರಿಸಂಚಾರಕ್ಕೆ ಹೊರಡಿಸಿದುದು ಒಂದು ಟೋಪಿ. 2025ರ ಅಕ್ಟೋಬರ್ 28ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಧಾನಸೌಧದಲ್ಲಿ ರಾಜ್ಯದ ಪೊಲೀಸ್ ಪೇದೆಗಳಿಗೆ ನೀಲಿ ಬಣ್ಣದ ಪೀಕ್ ಕ್ಯಾಪುಗಳನ್ನು ವಿತರಿಸಿದುದರೊಂದಿಗೆ, ಒಂದು ಬದಿಯ ಅಂಚನ್ನು ಮೇಲಕ್ಕೆ ಮಡಚಿದ ಹಳೆಯ ಸ್ಲೋಚ್ ಹ್ಯಾಟು ಕನ್ನಡನಾಡಿನ ಬೀದಿಗಳಿಂದ ನಿರ್ಗಮಿಸಲು ಅಣಿಯಾಯಿತು. ನಮ್ಮ ತಲೆಮಾರಿನ ಮಕ್ಕಳು ಪೊಲೀಸಿನವನ ಚಿತ್ರ ಬರೆಯುವಾಗ ಮೀಸೆಗಿಂತ ಮೊದಲು ಬರೆಯುತ್ತಿದ್ದುದು ಆ ಮಡಚಿದ ಅಂಚನ್ನು. ಓಡಿದರೆ ಬೀಳುತ್ತಿದ್ದ, ಮಳೆಯಲ್ಲಿ ನೆನೆದರೆ ಹೆಣದಷ್ಟು ಭಾರವಾಗುತ್ತಿದ್ದ ಆ ಶಿರಸ್ತ್ರಾಣಕ್ಕಾಗಿ ಶೋಕಿಸುವ ಒಬ್ಬ ಪೇದೆಯನ್ನೂ ನಾನು ಕಾಣಲಿಲ್ಲ.

ನಮ್ಮ ದಫೇದಾರರಂತೂ ಹೊಸದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೈಕಿನ ಪೆಟ್ಟಿಗೆಯಲ್ಲಿ ಭದ್ರಪಡಿಸಿ, ರಾತ್ರಿಯ ಚಳಿಗೆ ಮಂಕಿ ಟೋಪಿಯನ್ನೇ ಧರಿಸಿದ್ದರು.

ಶಿವಮೊಗ್ಗ ಜಿಲ್ಲೆಯ ಪಶ್ಚಿಮದಂಚಿನ ಹೋಬಳಿಯ ಊರದು. ಹೆಸರು ಬೇಡವೆಂದು ಅವರು ಕೇಳಿಕೊಂಡುದರಿಂದ ಊರಿನದನ್ನೂ ಅವರದನ್ನೂ ಬಿಟ್ಟಿದ್ದೇನೆ. 1997ರಲ್ಲಿ ಪೇದೆಯಾಗಿ ಸೇರಿ, ಜಿಲ್ಲೆಯ ಐದು ಠಾಣೆಗಳ ನೀರು ಕುಡಿದು, ಈಗ ಹೆಡ್ ಕಾನ್‌ಸ್ಟೇಬಲ್ ಎನಿಸಿರುವ ಅವರನ್ನು ಊರು ಮಾತ್ರ ಹಳೆಯ ಪದದಿಂದಲೇ ಕರೆಯುತ್ತದೆ. ದಫೇದಾರ, ಜಮಾದಾರ, ಗಸ್ತು ಇವು ಪಾರಸಿಯಿಂದ ಬಂದುವು. ‘ಗಸ್ತು’ ಎಂದರೆ ಸುತ್ತಾಡುವುದು ಎಂದಷ್ಟೇ ಅರ್ಥ. ಠಾಣೆಯ ಮೂಲ ಸಂಸ್ಕೃತದ ‘ಸ್ಥಾನ’. ಬೀಟು ಇಂಗ್ಲಿಷಿನದು. ಮೂರು ಆಳ್ವಿಕೆಗಳ ಶಬ್ದಗಳನ್ನು ಒಂದೇ ವಾಕ್ಯದಲ್ಲಿ ಹೊತ್ತು ತಿರುಗುವ ವೃತ್ತಿ ಇದೊಂದೇ ಇರಬೇಕು.

> ಪೊಲೀಸ್ ಹುತಾತ್ಮರ ದಿನ ಅಕ್ಟೋಬರ್ 21ರಂದೇ ಏಕೆ?
> 1959ರ ಈ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ, ಹಿಂದಿನ ದಿನ ಗಸ್ತಿಗೆ ಹೋಗಿ ಹಿಂದಿರುಗದವರನ್ನು ಹುಡುಕುತ್ತ ಹೋದ ಪೊಲೀಸ್ ತಂಡದ ಮೇಲೆ ಚೀನಾ ಸೈನಿಕರು ಗುಂಡು ಹಾರಿಸಿದರು. ಹತ್ತು ಮಂದಿ ಮಡಿದರು. ದೇಶದ ಎಲ್ಲ ಜಿಲ್ಲಾಕೇಂದ್ರಗಳಲ್ಲಿ ಪೊಲೀಸ್ ಹುತಾತ್ಮರ ದಿನಾಚರಣೆ ನಡೆಯುವುದು ಆ ನೆನಪಿಗೆ. ದೆಹಲಿಯ ರಾಷ್ಟ್ರೀಯ ಪೊಲೀಸ್ ಸ್ಮಾರಕ ಲೋಕಾರ್ಪಣೆಯಾದುದು 2018ರ ಅದೇ ದಿನ.

ಸಮವಸ್ತ್ರದ ಪೊಲೀಸು ಬ್ರಿಟಿಷರ ಕೊಡುಗೆ ಎಂಬುದು ದಿಟ. 1857ರ ದಂಗೆಯ ಬೆನ್ನಿಗೇ ರೂಪುಗೊಂಡ 1861ರ ಪೊಲೀಸ್ ಕಾಯಿದೆಯಲ್ಲಿ ಪ್ರಜೆಯ ರಕ್ಷಣೆಗಿಂತ ಪ್ರಜೆಯ ಹದ್ದುಬಸ್ತಿನ ಚಿಂತೆಯೇ ಹೆಚ್ಚಾಗಿ ಕಾಣುತ್ತದೆ. ಆದರೆ ಊರು ಸುತ್ತುವ ಕಾವಲುಗಾರ ಅದಕ್ಕಿಂತ ಬಹಳ ಹಳಬ. ಕನ್ನಡ ಶಾಸನಗಳಲ್ಲಿ ‘ತಳಾರ’ನೆಂದು ಕಾಣಿಸಿಕೊಳ್ಳುವವನೇ ಮುಂದೆ ತಳವಾರನಾಗಿ, ಪಟೇಲ ಶಾನುಭೋಗರ ಸಾಲಿನಲ್ಲಿ ಗ್ರಾಮದ ಆಯಗಾರರಲ್ಲೊಬ್ಬನಾಗಿ, ಕಣದಲ್ಲಿ ತನ್ನ ಪಾಲಿನ ಕಾಳು ಪಡೆದು, ಹೆಜ್ಜೆಯ ಗುರುತು ಹಿಡಿದು ಕಳ್ಳನನ್ನು ಪಕ್ಕದ ಊರಿನ ಗಡಿಯವರೆಗೆ ಅಟ್ಟಿಕೊಂಡು ಹೋಗುತ್ತಿದ್ದವನು.

ವಿಜಯನಗರವನ್ನು ಕಂಡು ಬರೆದ ಪೋರ್ಚುಗೀಸ್ ವರ್ತಕ ನುನಿಜನು ರಾಜಧಾನಿಯ ಕೊತ್ವಾಲನ ವಿಷಯದಲ್ಲಿ ಹೇಳುವುದು ಸ್ವಾರಸ್ಯವಾಗಿದೆ: ನಗರದಲ್ಲಿ ನಡೆದ ಕಳವಿಗೆಲ್ಲ ಆತನೇ ಲೆಕ್ಕ ಒಪ್ಪಿಸಬೇಕಾಗಿದ್ದುದರಿಂದ ಕಳವುಗಳು ವಿರಳವಾಗಿದ್ದುವಂತೆ; ನಡೆದರೂ, ಸಣ್ಣದೊಂದು ಕಾಣಿಕೆಯಿತ್ತು ಕಳ್ಳನ ಚಹರೆ ಹೇಳಿದರೆ ಅವನು ನಗರದಲ್ಲಿರುವನೋ ಇಲ್ಲವೋ ಎಂಬುದನ್ನು ಮಾಂತ್ರಿಕರ ಮೂಲಕ ತಿಳಿದು ಹೇಳುತ್ತಿದ್ದರಂತೆ. ಮಾಂತ್ರಿಕರು ಹೋಗಿ ಮೊಬೈಲು ಗೋಪುರಗಳು ಬಂದಿವೆ. ಸಣ್ಣ ಕಾಣಿಕೆಯ ಮಾತನ್ನು ನಾನಿಲ್ಲಿ ಎತ್ತುವುದಿಲ್ಲ.

ಗ್ರಾಮಾಧಿಕಾರಗಳ ರದ್ದತಿಗಾಗಿ 1961ರಲ್ಲಿ ಶಾಸನವಾಗಿ, 1963ರಲ್ಲಿ ಅದು ಜಾರಿಗೆ ಬಂದಾಗ ವಂಶಪಾರಂಪರ್ಯದ ಪಟೇಲಿಕೆಯೂ ಶಾನುಭೋಗಿಕೆಯೂ ತಳವಾರಿಕೆಯೂ ಕಾಗದದ ಮೇಲೆ ಮುಗಿದುವು. ಆಗಬೇಕಾದುದೇ ಆಯಿತು, ಜಾತಿಗೂ ಹುಟ್ಟಿಗೂ ಕಟ್ಟಿಹಾಕಿದ್ದ ಆ ಅಧಿಕಾರವನ್ನು ಹಂಬಲಿಸುವವರು ಅದರ ಕೆಳಗೆ ಬದುಕದವರೇ. ಆದರೆ ಅದರೊಡನೆ ಒಂದು ಸಾಮಗ್ರಿಯೂ ಹೋಯಿತು. ಯಾರ ಮನೆಯ ಎತ್ತು ಯಾವ ಬಣ್ಣದ್ದು, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಯಾವ ಹೊಲದ ಬದು ಪ್ರತಿ ಮುಂಗಾರಿನಲ್ಲಿ ಒಂದು ಗೇಣು ಸರಿಯುತ್ತದೆ ಎಂಬ ತಿಳಿವಳಿಕೆ ಅದು. ಅದನ್ನು ಮತ್ತೆ ಕೂಡಿಹಾಕುವ ಕೆಲಸ, ಯಾರೂ ಆಜ್ಞಾಪಿಸದಿದ್ದರೂ, ಹೋಬಳಿಯ ಠಾಣೆಯ ಪೇದೆಯ ಪಾಲಿಗೆ ಬಂತು.

ಪೇದೆಯ ಪಾಲಿಗೇ ಏಕೆಂದರೆ, ಸಬ್ ಇನ್‌ಸ್ಪೆಕ್ಟರರು ನಿಲ್ಲುವುದಿಲ್ಲ. ಅವರು ಊರಿನ ಓಣಿಗಳ ಹೆಸರು ಕಲಿಯುವಷ್ಟರಲ್ಲಿ ವರ್ಗದ ಆದೇಶ ಬಂದಿರುತ್ತದೆ. ಪೇದೆಯ ನೇಮಕವು ಜಿಲ್ಲೆಯ ಮಟ್ಟದ್ದಾದುದರಿಂದ ಅವನ ಆಯುಷ್ಯದ ಸೇವೆಯೆಲ್ಲ ಬಹುಮಟ್ಟಿಗೆ ಅದೇ ಜಿಲ್ಲೆಯ ಠಾಣೆಗಳ ನಡುವೆಯೇ ಕಳೆಯುತ್ತದೆ. ‘ಹದಿನಾರು ಸಾಹೇಬರನ್ನು ನೋಡಿದೆ,’ ಎಂದರು ದಫೇದಾರರು. ‘ಪ್ರತಿಯೊಬ್ಬರಿಗೂ ಮೊದಲ ದಿನ ಜೀಪಿನಲ್ಲಿ ಕೂತು ಊರು ತೋರಿಸಿದವ ನಾನು. ಒಂದೇ ಪಾಠ, ಹದಿನಾರು ಸಲ.’

ಅದೇ ಪಾಠವನ್ನು ಅವರು ನನಗೂ ಹೇಳಿದರು. ಬಲಗಡೆಯ ಹಂಚಿನ ಮನೆ: ಅಪ್ಪ ಮಗನ ನಡುವೆ ಪಾಲುಪಟ್ಟಿಯ ವ್ಯಾಜ್ಯ, ಅಡಿಕೆಯ ಧಾರಣೆ ಏರಿದ ವರ್ಷ ಜಗಳವೂ ಏರುತ್ತದೆ. ಸೇತುವೆಯಾಚೆಯ ಗೂಡಂಗಡಿ: ಶನಿವಾರ ಸಂತೆಯ ದಿನ ಓಸಿ ಚೀಟಿ ಬರೆಯುತ್ತಿದ್ದ, ಈಗ ಮೊಬೈಲಿನಲ್ಲಿಯೇ ಎಲ್ಲ ಆಗುವುದರಿಂದ ನಿರುದ್ಯೋಗಿ. ಕೆರೆಯ ಏರಿಯ ತಿರುವು: ಐದು ವರ್ಷದಲ್ಲಿ ನಾಲ್ಕು ಬೈಕು. ಶಾಲೆಯ ಹಿಂದಿನ ಹಾಳು ಬಾವಿ: ಅದರ ವಿಷಯ ಹೇಳದೆ ಗೇರು ಬದಲಿಸಿದರು.

ಹಗಲಿನ ಗಸ್ತಿನಲ್ಲಿ ಮೈಮುರಿಯುವ ಸಾಹಸವೇನಿಲ್ಲ. ನ್ಯಾಯಾಲಯದ ಸಮನ್ಸುಗಳನ್ನು ಮುಟ್ಟಿಸಬೇಕು. ವಾರಂಟಿನ ಆಸಾಮಿ ತೋಟದಿಂದ ಊಟಕ್ಕೆ ಬರುವ ಹೊತ್ತಿಗೆ ಹೋಗಬೇಕು. ಪಾಸ್‌ಪೋರ್ಟಿನ ಅರ್ಜಿ ಹಾಕಿದ ಹುಡುಗಿಯ ಮನೆಯಲ್ಲಿ ಎರಡು ಪ್ರಶ್ನೆ ಕೇಳಿ ನಾಲ್ಕು ಹೋಳಿಗೆ ತಿನ್ನಬೇಕು. ಮಹಜರಿಗೆ ಪಂಚರನ್ನು ಹೊಂದಿಸಬೇಕು, ಅವರು ಆಮೇಲೆ ಸಾಕ್ಷಿ ತಿರುಗಿಸದಂತೆ ದೇವರಲ್ಲಿ ಬೇಡಬೇಕು. ಚುನಾವಣೆ ಘೋಷಣೆಯಾದೊಡನೆ ಬೆಳೆರಕ್ಷಣೆಯ ಪರವಾನಗಿ ಪಡೆದ ಕೋವಿಗಳೆಲ್ಲ ಠಾಣೆಗೆ ಬಂದು ಸೇರಬೇಕು. ಮಲೆನಾಡಿನ ಗೃಹಸ್ಥನಿಗೆ ಅಜ್ಜನ ಕಾಲದ ಕೋವಿಯನ್ನು ಒಪ್ಪಿಸುವುದೆಂದರೆ ಮಗಳನ್ನು ಕಳಿಸಿಕೊಟ್ಟಷ್ಟು ಸಂಕಟ. ಒಂದೊಂದರ ನಳಿಗೆಗೂ ಚೀಟಿ ಕಟ್ಟಿ ಗೋಡೆಗೆ ಸಾಲಾಗಿ ಒರಗಿಸಿಡುವ ದಫೇದಾರರಿಗೆ, ಯಾವ ಮನೆಯ ಕೋವಿ ತುಕ್ಕು ಹಿಡಿದಿದೆ, ಯಾವುದಕ್ಕೆ ಮೊನ್ನೆಯಷ್ಟೇ ಎಣ್ಣೆ ಬಿದ್ದಿದೆ ಎಂಬುದು ಆ ಹೊತ್ತಿಗೆ ಮೂಗಿನಿಂದಲೇ ತಿಳಿಯುತ್ತದೆ. ಹಂದಿ ಶಿಕಾರಿಯ ಸುಳಿವಿಗೆ ಅವರಿಗೆ ಬೇರೆ ಗುಪ್ತಚರರು ಬೇಕಿಲ್ಲ.

2017ರಲ್ಲಿ, ರೂಪಕ್ ಕುಮಾರ್ ದತ್ತಾ ಅವರು ರಾಜ್ಯ ಪೊಲೀಸಿನ ಮುಖ್ಯಸ್ಥರಾಗಿದ್ದಾಗ, ಠಾಣೆಯ ಸರಹದ್ದನ್ನೆಲ್ಲ ಬೀಟುಗಳಾಗಿ ಹಂಚಿ ಪೇದೆಗಳಿಗೂ ಹೆಡ್ ಕಾನ್‌ಸ್ಟೇಬಲುಗಳಿಗೂ ಒಂದೊಂದರ ಹೊಣೆಯೊಪ್ಪಿಸುವ ಸುಧಾರಿತ ಗಸ್ತು ವ್ಯವಸ್ಥೆ ಬಂತು. ಪ್ರತಿ ಬೀಟಿಗೂ ಊರಿನವರ ಸಮಿತಿ ಎಂದಾಯಿತು. 2025ರಲ್ಲಿ ಬಂದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮವು ಅದೇ ದಾರಿಯ ಮುಂದಿನ ಹೆಜ್ಜೆ. ಅದುವರೆಗೆ ‘ಹೋಗಿ ಬಾ’ ಎಂದರೆ ಹೋಗಿ ಬರುವವನಾಗಿದ್ದ ಪೇದೆಗೆ ತನ್ನದೆಂಬ ಒಂದಿಷ್ಟು ನೆಲ ಸಿಕ್ಕಿದುದು ಈ ಸುಧಾರಣೆಯ ತಿರುಳೆಂದು ನನಗೆ ತೋರುತ್ತದೆ. ದಫೇದಾರರು ಅದನ್ನು ಒಪ್ಪಿದರು, ಒಂದು ತಿದ್ದುಪಡಿಯೊಡನೆ: ‘ಬೀಟು ನನ್ನದೇ ಸಾರ್. ಬಂದೋಬಸ್ತು ಬಂದರೆ ಹದಿನೈದು ದಿನ ನಾನೇ ಬೀಟಿನಲ್ಲಿ ಇರುವುದಿಲ್ಲ.’ ಗಣಪತಿ, ದಸರಾ, ಅಧಿವೇಶನ, ಯಾರದೋ ಪಾದಯಾತ್ರೆ. ಊರು ಬಿಟ್ಟು ಇನ್ನೊಂದು ಊರಿನ ಕಲ್ಯಾಣಮಂಟಪದ ನೆಲದಲ್ಲಿ ಮಲಗುವ ಈ ಪಾಡಿನ ಬಗೆಗೆ, ಸಂಬಳದ ಬಗೆಗೆ, ರಜೆಯ ಬಗೆಗೆ 2016ರ ಜೂನಿನಲ್ಲಿ ಸಾಮೂಹಿಕ ರಜೆಯ ಕರೆ ಹೊರಟುದನ್ನೂ, ಆಮೇಲೆ ಔರಾದ್ಕರ್ ಸಮಿತಿಯ ವರದಿಯಂತೆ 2019ರಲ್ಲಿ ವೇತನ ಒಂದಿಷ್ಟು ಪರಿಷ್ಕಾರಗೊಂಡುದನ್ನೂ ಓದುಗರು ಬಲ್ಲರು.

> ತಿರುಗಿದರೆ ಕಳವು ನಿಲ್ಲುತ್ತದೆಯೆ?
> ಅಮೆರಿಕದ ಕನ್ಸಾಸ್ ನಗರದಲ್ಲಿ 1972–73ರಲ್ಲಿ 15 ಬೀಟುಗಳನ್ನು ಮೂರು ಪಾಲು ಮಾಡಿದರು. ಒಂದರಲ್ಲಿ ಎಂದಿನಷ್ಟೇ ಗಸ್ತು ಕಾರು, ಇನ್ನೊಂದರಲ್ಲಿ ಎರಡು ಮೂರು ಪಟ್ಟು, ಮತ್ತೊಂದರಲ್ಲಿ ಕರೆ ಬಂದಾಗ ಮಾತ್ರ. ಅಪರಾಧಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜನ ಬದಲಾವಣೆಯನ್ನು ಗಮನಿಸಿದಂತೆಯೂ ತೋರಲಿಲ್ಲ. ಕಾಲ್ನಡಿಗೆಯ ಗಸ್ತನ್ನು ನ್ಯೂವರ್ಕ್ ನಗರದಲ್ಲಿ ಪರೀಕ್ಷಿಸಿ 1981ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಅಪರಾಧ ಕುಗ್ಗಲಿಲ್ಲ, ಆದರೆ ನಿವಾಸಿಗಳ ಭಯ ಕುಗ್ಗಿತ್ತು.
>
> ಠಾಣೆಯೇ ಮನೆ
> ಜಪಾನಿನ ಹಳ್ಳಿಗಳಲ್ಲಿ ‘ಚೂಝೈಶೋ’ ಎಂಬ ಪುಟ್ಟ ಠಾಣೆಗಳಿವೆ. ಮುಂದುಗಡೆ ಕಚೇರಿ, ಹಿಂದುಗಡೆ ಸಂಸಾರ. ಮನೆಮನೆಗೆ ಹೋಗಿ ಯಾರಿದ್ದಾರೆ, ಹೇಗಿದ್ದಾರೆಂದು ವಿಚಾರಿಸಿ ಬರುವುದು ಅಲ್ಲಿಯ ಪೊಲೀಸಿನವನ ನಿತ್ಯಕರ್ತವ್ಯ.

ಎರಡೂವರೆಗೆ ನಾವು ಹೊಳೆಯ ದಂಡೆಯ ದೇವಸ್ಥಾನದ ಮುಂದಿದ್ದೆವು. ಹುಂಡಿಯ ಬೀಗ, ಪಾಕಶಾಲೆಯ ಚಿಲಕ, ರುಜು, ಚೌಕುಳಿ ಚೀಟಿ. ದೇವಸ್ಥಾನದ ಹಿಂದಿನ ರಂಗಮಂಟಪದಲ್ಲಿ ಕಂಬಳಿ ಹೊದ್ದ ಐದು ಮಂದಿ ಇಸ್ಪೀಟಿನ ಸುತ್ತ ಕುಳಿತಿದ್ದವರು ಟಾರ್ಚಿನ ಬೆಳಕಿಗೆ ಎದ್ದು ನಿಂತರು. ಕರ್ನಾಟಕ ಪೊಲೀಸ್ ಕಾಯಿದೆಯ 87ನೆಯ ಕಲಮು ಸಾರ್ವಜನಿಕ ಸ್ಥಳದ ಜೂಜಿಗಾಗಿಯೇ ಇದೆ; ಠಾಣೆಯ ತಿಂಗಳ ಲೆಕ್ಕಕ್ಕೆ ಐದು ಆರೋಪಿಗಳು ಅನಾಯಾಸವಾಗಿ ಒದಗಿದ್ದರು. ದಫೇದಾರರು ಮಧ್ಯದಲ್ಲಿದ್ದ ಹಣವನ್ನು ನೋಡಿದರು. ಹತ್ತರ ನೋಟುಗಳು.

‘ಏಳಿ, ಏಳಿ. ದೇವರ ಬೆನ್ನಿಗೆ ಕೂತು ಆಡುವ ಆಟವಾ ಇದು? ನಾಳೆ ಕೊನೆ ಕೊಯ್ಯುವವ ನೀನು, ನಿದ್ದೆಗೆಟ್ಟು ಮರ ಹತ್ತಿ ಬಿದ್ದರೆ ಯುಡಿಆರ್ ಬರೆಯುವವ ನಾನು.’

ಎಲೆಗಳನ್ನು ತಮ್ಮ ಜೇಬಿಗೆ ಹಾಕಿಕೊಂಡು ದಫೇದಾರರು ಹೊರಟರು. ಅಸ್ವಾಭಾವಿಕ ಮರಣದ ವರದಿಗೆ ಠಾಣೆಯ ಭಾಷೆಯಲ್ಲಿ ಯುಡಿಆರ್ ಎನ್ನುತ್ತಾರೆ. ಅಡಿಕೆಮರದಿಂದ ಬಿದ್ದವರು, ಹೊಳೆಯಲ್ಲಿ ತೇಲಿದವರು, ಕಳೆನಾಶಕ ಕುಡಿದವರು ಎಲ್ಲರೂ ಅದರೊಳಗೆ ಬರುತ್ತಾರೆ. 2024ರ ಜುಲೈ 1ರವರೆಗೆ ಅದು ‘ನೂರಾ ಎಪ್ಪತ್ತನಾಲ್ಕು’. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ ‘ನೂರಾ ತೊಂಬತ್ತನಾಲ್ಕು’. ಜಗಳಗಂಟರಿಂದ ಮುಚ್ಚಳಿಕೆ ಬರೆಯಿಸಿಕೊಳ್ಳುವ ‘ನೂರೇಳು’ ಈಗ ‘ನೂರಿಪ್ಪತ್ತಾರು’. ಹಳ್ಳಿಯ ಜಗಳಗಂಟರು ಮಾತ್ರ ಇನ್ನೂ ‘ನನ್ನ ಮೇಲೆ ನೂರೇಳು ಹಾಕಿದ್ದಾರೆ’ ಎಂದೇ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಬಿಳಿಯ ಬೂಟು, ಹತ್ತರ ನೋಟು: ಒಂದೇ ರಾತ್ರಿಯಲ್ಲಿ ಎರಡು ಸಲ ಅವರು ಬರೆಯದೆ ಬಿಟ್ಟುದನ್ನು ನಾನು ಕಂಡೆನು. ಅನುಭವಿಯಾದ ಗಸ್ತಿನವನ ವಿದ್ಯೆಯು ಬಹುತೇಕ ಇಲ್ಲಿಯೇ ಅಡಗಿದೆ ಎಂಬುದು ನನ್ನ ಅಭಿಪ್ರಾಯ. ಹೊಸಬನಾದ ಪೇದೆ ಕಂಡುದನ್ನೆಲ್ಲ ಬರೆಯುತ್ತಾನೆ, ಇಲ್ಲವೆ ಬರೆಯಬೇಡವೆಂದವರು ಹೇಳಿದುದನ್ನೆಲ್ಲ ಬಿಡುತ್ತಾನೆ. ಸಣ್ಣ ಊರಿನಲ್ಲಿ ಒಮ್ಮೆ ಬರೆದುದು ಅಳಿಯುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಠಾಣೆಯ ದಾಖಲೆ ಹೊಕ್ಕ ಹೆಸರು ಮದುವೆಯ ಮಾತುಕತೆಯ ಹೊತ್ತಿಗೆ ಹೊರಬರುತ್ತದೆ. ಬರೆದವನೂ ಅದೇ ಊರಿನಲ್ಲಿಯೇ ದಿನಸಿ ಕೊಳ್ಳಬೇಕು, ಅದೇ ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತುಕೊಳ್ಳಬೇಕು, ನಿನ್ನೆ ಕೊರಳಪಟ್ಟಿ ಹಿಡಿದವನ ಆಟೋದಲ್ಲಿಯೇ ಇಂದು ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.

ಆದರೆ ಈ ವಿದ್ಯೆಯನ್ನು ಹೊಗಳಿ ಮುಂದೆ ಹೋಗಿಬಿಡುವುದು ಪ್ರಾಮಾಣಿಕವಾಗದು. ಬರೆಯದೆ ಬಿಡುವ ಕೃಪೆ ಯಾರ ಪಾಲಿಗೆ ಎಂಬ ಪ್ರಶ್ನೆಯಿದೆ. ಊರಿನ ಹಿರಿಯರು ಕೂಡಿ ‘ನಮ್ಮೊಳಗೇ ಮುಗಿಸಿಕೊಳ್ಳೋಣ’ ಎಂದಾಗ, ಮುಗಿಸಿಕೊಳ್ಳಬೇಕಾದವನು ಯಾವಾಗಲೂ ಜಗಲಿಯ ಕೆಳಗೆ ನಿಂತವನೇ ಆಗಿರುತ್ತಾನೆ. ಕೇರಿಯ ಹುಡುಗನಿಗೆ ಬಿದ್ದ ಏಟಿಗೆ ಎರಡು ಸಾವಿರ ರೂಪಾಯಿ ಮತ್ತು ಒಂದು ಬುದ್ಧಿವಾದ, ತೋಟದ ಒಡೆಯನ ಮನೆಯ ಕೊಳವೆ ಕದ್ದವನಿಗೆ ಎಫ್‌ಐಆರ್. ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ ಸುದ್ದಿ ಬಂದರೆ ದಾಖಲಿಸಿಕೊಳ್ಳಲೇಬೇಕು, ಠಾಣಾಧಿಕಾರಿಯ ಇಚ್ಛೆಗೆ ಅಲ್ಲಿ ಎಡೆಯಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನಪೀಠ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಬೇಕಾಗಿ ಬಂದುದು ಸುಮ್ಮನೆ ಅಲ್ಲ.

ಹೊಳೆಯ ಮೆಟ್ಟಿಲ ಮೇಲೆ ಕುಳಿತು, ಫ್ಲಾಸ್ಕಿನ ಕಷಾಯವನ್ನು ಮುಚ್ಚಳಕ್ಕೆ ಬಗ್ಗಿಸುತ್ತ, ನಾನು ಕೇಳದೆಯೇ ಅವರು ಒಂದು ಸಂಗತಿ ಹೇಳಿದರು.

‘ಸೇರಿ ಆರನೆಯ ವರ್ಷ. ಬೇರೆ ಠಾಣೆ. ಒಬ್ಬಳು ಹೆಂಗಸು ಮಧ್ಯಾಹ್ನದ ಬಸ್ಸಿಗೆ ಬಂದಳು, ಗಂಡ ಹೊಡೀತಾನೆ ಅಂತ. ನಾನು ಗಂಡನನ್ನು ಕರೆಸಿ ಗದರಿಸಿದೆ, ಅವನು ಅತ್ತ, ಇಬ್ಬರನ್ನೂ ಸಂಜೆ ಬಸ್ಸಿಗೆ ಹತ್ತಿಸಿದೆ. ಟಿಕೆಟ್ಟಿಗೆ ದುಡ್ಡೂ ಕೊಟ್ಟೆ. ಒಳ್ಳೇ ಕೆಲಸ ಮಾಡಿದೆ ಅಂದ್ಕೊಂಡೆ. ಎರಡು ತಿಂಗಳಿಗೆ ಮತ್ತೆ ಬಂದಳು. ಬಲಗೈ ಎರಡು ಕಡೆ ಮುರಿದಿತ್ತು. ಕೌಂಟರಿನಲ್ಲಿ ನನ್ನನ್ನು ನೋಡಿ ಅವಳು ಬೇರೆಯವರ ಹತ್ತಿರ ಹೋಗಿ ನಿಂತಳು.’

ಮುಚ್ಚಳವನ್ನು ಹೊಳೆಯ ನೀರಿನಲ್ಲಿ ತೊಳೆದರು.

‘ಇಲ್ಲಿಂದ ತಾಲ್ಲೂಕಿಗೆ ಹೋಗೋ ಬಸ್ಸಿನಲ್ಲಿ ಠಾಣೆಯ ಸ್ಟಾಪಿನಲ್ಲಿ ಒಬ್ಬಳೇ ಹೆಂಗಸು ಇಳೀಬೇಕಾದರೆ ಬಸ್ಸಿನವರೆಲ್ಲ ನೋಡ್ತಾರೆ ಸಾರ್. ಅಷ್ಟು ಜನ ನೋಡ್ತಾ ಇರುವಾಗಲೂ ಇಳಿದಳು ಅಂದರೆ, ನಾನು ಆಮೇಲೆ ಬುದ್ಧಿ ಹೇಳೋಕೆ ಹೋಗೋದಿಲ್ಲ. ಬರೀತೇನೆ.’

ಮೂರು ಗಂಟೆಯ ಮೇಲೆ ಊರು ಬಿಟ್ಟು ಒಂಟಿಮನೆಗಳ ದಾರಿ ಹಿಡಿದೆವು. ಮಲೆನಾಡಿನ ಈ ಮನೆಗಳು ಒಂದರಿಂದೊಂದು ಕೂಗಳತೆಗೂ ಸಿಗದಷ್ಟು ದೂರ. ಒಂದು ಗುಡ್ಡದ ಮಡಿಲಿಗೆ ಒಂದು ಮನೆ, ಒಂದು ತೋಟ, ಒಂದು ಕೆರೆ. ಹಿಂದೆ ಇಪ್ಪತ್ತು ಜನ ಉಣ್ಣುತ್ತಿದ್ದ ಮನೆಗಳಲ್ಲಿ ಈಗ ಇಬ್ಬರು, ಕೆಲವೆಡೆ ಒಬ್ಬರು. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೆ ಸಮುದ್ರದಾಚೆ. ಒಂದು ಕಾಲಕ್ಕೆ ಇದೇ ಕಾಡಂಚಿನ ಮನೆಗಳಲ್ಲಿ ರಾತ್ರಿ ಬಾಗಿಲು ಬಡಿದರೆ, ಬಂದವರು ಬಂದೂಕಿನ ಯಾವ ಪಕ್ಷದವರೋ ಎಂದು ನಡುಗುವ ಸ್ಥಿತಿಯಿತ್ತು. ನಕ್ಸಲ್ ನಿಗ್ರಹದಳದ ಬೂಟುಗಳ ವರ್ಷಗಳವು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದ ಮೇಲೆ ಆ ಅಧ್ಯಾಯ ಬಹುಮಟ್ಟಿಗೆ ಮುಗಿದಂತಾಗಿದೆ. ಈಗಿನ ಭಯ ಬೇರೆ. ಅಟ್ಟದ ಮೇಲೆ ಒಣಗಿಸಿದ ಅಡಿಕೆಯ ಮೂಟೆ, ಕೆಳಗೆ ಎಂಬತ್ತರ ವಯಸ್ಸು, ನಡುವೆ ಒಂದು ಮರದ ಅಗುಳಿ.

ಅಂಥ ಹನ್ನೊಂದು ಮನೆಗಳು ದಫೇದಾರರ ಬೀಟಿನಲ್ಲಿವೆ. ಯಾವುದರ ಗೋಡೆಗೂ ಚೌಕುಳಿ ಚೀಟಿ ಇಲ್ಲ, ಪುಸ್ತಕವೂ ಇಲ್ಲ. ಗೇಟಿನ ಬಳಿ ಬೈಕಿನ ಹಾರನ್ನನ್ನು ಒಂದು ಸಲ ಚಿಕ್ಕದಾಗಿ ಒತ್ತುತ್ತಾರೆ; ಒಳಗಿನಿಂದ ಜಗಲಿಯ ದೀಪ ಒಂದು ಸಲ ಹತ್ತಿ ಆರುತ್ತದೆ. ಎಂಬತ್ತರವರಿಗೆ ಆ ಹೊತ್ತಿಗೆ ಹೇಗೂ ನಿದ್ರೆಯಿರುವುದಿಲ್ಲವಂತೆ. ಒಂದು, ಎರಡು, ಮೂರು ಮನೆಗಳಲ್ಲಿ ದೀಪ ಹತ್ತಿ ಆರಿತು. ನಾಲ್ಕನೆಯದರಲ್ಲಿ ನಾಯಿಯೇ ಬೊಗಳಿ ಉತ್ತರ ಹೇಳಿತು, ಹಿಂದೆಯೇ ದೀಪ.

ಏಳನೆಯ ಮನೆಯ ದಾರಿಯಲ್ಲಿರುವಾಗ ಮೊಬೈಲು ರಿಂಗಾಯಿತು. ಪರದೇಶದ ಅಂಕಿ, ಅಲ್ಲಿ ಸಂಜೆಯಂತೆ. ದಫೇದಾರರು ಬೈಕು ನಿಲ್ಲಿಸಿ, ಮಂಕಿ ಟೋಪಿಯನ್ನು ಕಿವಿಯ ಮೇಲಕ್ಕೆ ಸರಿಸಿ ಕೇಳಿದರು.

‘ಹ್ಞಾ, ಗೊತ್ತಾಯ್ತು ಹೇಳಿ… ನಿನ್ನೆಯಿಂದ ಎತ್ತುತ್ತಿಲ್ಲವಾ… ನಿಮ್ಮ ಮನೆ ಕಡೆ ನಿನ್ನೆ ಮಧ್ಯಾಹ್ನದಿಂದ ಕರೆಂಟಿಲ್ಲ ಮಾರಾಯ್ರೆ, ಚಾರ್ಜು ಹೋಗಿರ್ತದೆ… ಅಲ್ಲಿಗೇ ಹೊರಟಿದ್ದೇನೆ, ಹತ್ತು ನಿಮಿಷ.’

ಆ ಹತ್ತು ನಿಮಿಷ ಅವರು ನನ್ನೊಡನೆ ಮಾತಾಡಲಿಲ್ಲ. ಕೆಸರಿನ ಇಳಿಜಾರಿನಲ್ಲಿ, ಬೈಕನ್ನು ಎಂದಿಗಿಂತ ಬೇಗ ಬಿಟ್ಟರು. ಗೇಟಿನ ಮುಂದೆ ಹಾರನ್ನು ಒತ್ತಿದರು. ಕರೆಂಟಿಲ್ಲದ ಮನೆ, ದೀಪ ಹತ್ತುವ ಹಾಗಿಲ್ಲ ಎಂಬುದು ಒತ್ತಿದ ಮೇಲೆ ನೆನಪಾಗಿರಬೇಕು, ಗೇಟು ತೆರೆದು ನಡೆದೇಬಿಟ್ಟರು. ಕೊಟ್ಟಿಗೆಯ ಮಗ್ಗುಲಲ್ಲಿ ನಿಂತು ಮೇಲೆ ನೋಡಿದರು. ಬಚ್ಚಲ ಮನೆಯ ಹಂಚಿನ ಸಂದಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

‘ನೀರು ಕಾಯಿಸ್ತಿದಾರೆ,’ ಎಂದು, ಮಂಕಿ ಟೋಪಿ ತೆಗೆದು ಮುಖ ಒರೆಸಿಕೊಂಡರು.

ಒಳಗಿನಿಂದ ಸೀಮೆಎಣ್ಣೆ ಬುಡ್ಡಿ ಹಿಡಿದ ವೃದ್ಧರೊಬ್ಬರು, ಹೆಗಲ ಮೇಲೆ ಪಾಣಿಪಂಚೆ, ಕಣ್ಣು ಕಿರಿದಾಗಿಸಿಕೊಂಡು ಹೊರಬಂದರು.

‘ಯಾರದು? ದಫೇದಾರ್ರಾ? ಇಷ್ಟು ಬೇಗ ಎಂತಕ್ಕೆ?’

‘ಮಗ ಫೋನ್ ಮಾಡಿದ್ದರು ಭಟ್ರೇ. ನೀವು ಎತ್ತುತ್ತಿಲ್ಲ ಅಂತ.’

‘ಅವನಿಗೆ ಬೇರೆ ಕೆಲಸ ಇಲ್ಲವಾ? ಅಪ್ಪನನ್ನು ನೋಡಲಿಕ್ಕೆ ಪೊಲೀಸರನ್ನು ಕಳಿಸ್ತಾನೆ. ಊರವರು ಕಂಡರೆ ಎಂತ ಅಂದ್ಕೊಳ್ಳಬೇಕು?’ ಎಂದು ಗದರಿ, ನನ್ನತ್ತ ಬುಡ್ಡಿಯೆತ್ತಿ ನೋಡಿ, ‘ಇವರು ಯಾರು? ಹೊಸ ಸಾಹೇಬರಾ?’ ಎಂದರು.

ದಫೇದಾರರು ನನ್ನನ್ನು ಪರಿಚಯಿಸುವ ಗೋಜಿಗೆ ಹೋಗದೆ ತಮ್ಮ ಮೊಬೈಲಿನಲ್ಲಿ ಆ ದೂರದ ಅಂಕಿಯನ್ನು ಒತ್ತಿ, ಭಟ್ಟರ ಕಿವಿಗೆ ಹಿಡಿದರು. ಸಿಗ್ನಲ್ ಒಂದು ಗೆರೆಯಷ್ಟಿತ್ತು. ಭಟ್ಟರು ಮಗನಿಗೆ ಏರುಧ್ವನಿಯಲ್ಲಿ ಅಡಿಕೆಯ ಧಾರಣೆ ಹೇಳಲು ಮೊದಲುಮಾಡಿದರು; ನಾವಿಬ್ಬರೂ ಜಗಲಿಯ ಮೇಲೆ ಕುಳಿತು ಕಾಫಿಗೆ ಕಾದೆವು.